ಚಾಮುಂಡಿ ಬೆಟ್ಟಕ್ಕೆ ಬಾರದ ರೋಪ್‌ವೇ

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಕಟ್ಟಿಸಿದವರು ದೊಡ್ಡದೇವರಾಜ ಒಡೆಯರು. 1659ರಿಂದ 1673ರವರೆಗೆ ಮೈಸೂರನ್ನು ಆಳಿದ ಈ ಅರಸರ ಕಾಲದಲ್ಲೇ ಮೆಟ್ಟಿಲ ದಾರಿಯ ನಡುವೆ ಒಂದೇ ಬಂಡೆಯನ್ನು ಕಡೆದು ದೊಡ್ಡ ನಂದಿಯನ್ನೂ ಮಾಡಿಸಲಾಯಿತು. ಮೆಟ್ಟಿಲು ನಿಜಕ್ಕೂ ಎಷ್ಟು ಎಂದು ಕೇಳಿದರೆ ಒಬ್ಬರು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ಸಾವಿರದ ಎಂಟು ಎನ್ನುತ್ತಾರೆ, ಎಣಿಸುತ್ತ ಹತ್ತಿದವರು ಬೇರೆಯೇ ಲೆಕ್ಕ ಕೊಡುತ್ತಾರೆ. ನಂದಿಯನ್ನು ಕಡೆದ ವರ್ಷದ ಬಗ್ಗೆಯೂ ಬರೆದವರಲ್ಲಿ ಒಮ್ಮತವಿಲ್ಲ. ಆದರೆ ಅರಸರು ಮೆಟ್ಟಿಲು ಕಟ್ಟಿಸಿದ ಮೇಲೆ ಬೆಟ್ಟ ಊರಿನವರೆಲ್ಲರದ್ದಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಮೂರೂವರೆ ಶತಮಾನದಿಂದ ಜನ ಆ ಕಲ್ಲುಗಳ ಮೇಲೆ ಕಾಲಿಟ್ಟು ಹತ್ತುತ್ತಿದ್ದಾರೆ. ಆಷಾಢದಲ್ಲಿ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ, ಬಗ್ಗಿ ಎದ್ದು ಬಗ್ಗಿ ಎದ್ದು ತುದಿ ಮುಟ್ಟುತ್ತಾರೆ. ಬೆಳಗಿನ ಜಾವ ಪಾದದ ಬಳಿ ಚಪ್ಪಲಿ ಬಿಟ್ಟು ಹೊರಡುವ ಹರಕೆಯವರೂ, ಬೂಟು ಬಿಗಿದು ವ್ಯಾಯಾಮಕ್ಕೆ ಓಡುವ ಹುಡುಗರೂ ಅದೇ ಮೆಟ್ಟಿಲ ಮೇಲೆ ಸಿಗುತ್ತಾರೆ.

ಈ ಬೆಟ್ಟಕ್ಕೆ ಹಗ್ಗ ಕಟ್ಟಿ, ಅದಕ್ಕೆ ಗಾಜಿನ ಡಬ್ಬಿಗಳನ್ನು ತೂಗಿಸಿ, ಪ್ರವಾಸಿಗರನ್ನು ಕೂರಿಸಿ ಮೇಲಕ್ಕೆ ಎಳೆಯುವ ಯೋಜನೆಯೊಂದು 2022ರಲ್ಲಿ ಮೈಸೂರಿನ ಮುಂದೆ ಬಂದು ನಿಂತಿತು. ಅದೇ ವರ್ಷದ ಜುಲೈ ಹೊತ್ತಿಗೆ ಸರ್ಕಾರ ಅದನ್ನು ಕೈಬಿಟ್ಟಿತು. ನಡುವೆ ಇದ್ದದ್ದು ಕೆಲವೇ ತಿಂಗಳು. ಅಷ್ಟು ಚಿಕ್ಕ ಅವಧಿಯಲ್ಲಿ ಒಂದು ಸರ್ಕಾರಿ ಯೋಜನೆ ಬಂದು ಹೋದದ್ದು ನಮ್ಮ ರಾಜ್ಯದ ಮಟ್ಟಿಗೆ ಅಪರೂಪ. ಹೀಗಾದದ್ದು ಹೇಗೆ ಎಂದು ತಿಳಿಯಬೇಕಾದರೆ ಬೆಟ್ಟದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1060 ಮೀಟರ್ ಎತ್ತರದಲ್ಲಿದೆ. ಊರಿನ ನೆಲದಿಂದ ಅಳೆದರೆ ಮುನ್ನೂರು ಮೀಟರ್ ಆಸುಪಾಸು. ಇದರ ಒಡಲು ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಚಾಮುಂಡಿ ಗ್ರಾನೈಟ್ ಎಂದೇ ಹೆಸರಿಸಿ, ಸುಮಾರು ಎಂಬತ್ತು ಕೋಟಿ ವರ್ಷದ ಹಿಂದೆ ಹಳೆಯ ಶಿಲೆಗಳ ನಡುವೆ ಉಕ್ಕಿ ಬಂದ ಶಿಲೆ ಎನ್ನುತ್ತಾರೆ. ಗಟ್ಟಿ ಬಂಡೆಯ ಮೇಲೆ ತೆಳುವಾಗಿ ಮಣ್ಣು, ಮಣ್ಣನ್ನು ಹಿಡಿದುಕೊಂಡ ಕುರುಚಲು ಕಾಡು. ಸುತ್ತಲಿನ ಸುಮಾರು ಒಂದೂವರೆ ಸಾವಿರ ಎಕರೆ ಮೀಸಲು ಅರಣ್ಯ. ಲಕ್ಷಾಂತರ ಜನ ವಾಸಿಸುವ ನಗರಕ್ಕೆ ಅಂಟಿಕೊಂಡಿದ್ದರೂ ಚಿರತೆಗಳು ಇಲ್ಲಿ ಉಳಿದಿವೆ.

ದೇವರ ಚರಿತ್ರೆ ಇನ್ನೂ ಹಳೆಯದು. ಬೆಟ್ಟದ ಮೇಲಿನ ಅತಿ ಪ್ರಾಚೀನ ಗುಡಿ ಮಹಾಬಲೇಶ್ವರನದ್ದು. ಆ ಕಾರಣಕ್ಕೆ ಹಿಂದೆ ಬೆಟ್ಟಕ್ಕೆ ಮಹಾಬಲಾದ್ರಿ ಎಂಬ ಹೆಸರಿತ್ತು. ಗಂಗರ ಕಾಲಕ್ಕೂ ಹೊಯ್ಸಳರ ಕಾಲಕ್ಕೂ ಸೇರಿದ ಶಾಸನಗಳು ಇಲ್ಲಿ ಸಿಕ್ಕಿವೆ. ಶಿವನ ಬೆಟ್ಟ ದೇವಿಯ ಬೆಟ್ಟವಾದದ್ದು ಯಾವಾಗ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಒಡೆಯರು ಕುಲದೇವತೆಯಾಗಿ ಪೂಜಿಸಿದ ಮೇಲೆ ಚಾಮುಂಡಿ ಮುಂದಕ್ಕೆ ಬಂದಳು ಎಂದು ಕೆಲವರು ವಾದಿಸಿದರೆ, ಅರಮನೆಗಿಂತ ಮುಂಚೆಯೇ ಅವಳು ಸುತ್ತಲಿನ ಹಳ್ಳಿಗಳ ಅಮ್ಮನಾಗಿದ್ದಳು ಎಂದು ಜಾನಪದ ಬಲ್ಲವರು ಹೇಳುತ್ತಾರೆ. ಎರಡನೆಯ ಮಾತಿಗೆ ಹಳ್ಳಿಗರ ಹಾಡು ಕಥೆಗಳೇ ಸಾಕ್ಷಿ. ಅವುಗಳಲ್ಲಿ ಚಾಮುಂಡಿ ನಂಜನಗೂಡಿನ ನಂಜುಂಡನ ಪ್ರೇಯಸಿ, ಉತ್ತನಹಳ್ಳಿಯ ಅಮ್ಮ ಅವಳ ತಂಗಿ. ಎಚ್.ಡಿ. ಕೋಟೆ ಸೀಮೆಯ ಚಿಕ್ಕದೇವಮ್ಮನ ಬೆಟ್ಟದವಳನ್ನೂ ಜನ ಅದೇ ಒಡಹುಟ್ಟಿದವರ ಬಳಗಕ್ಕೆ ಸೇರಿಸುತ್ತಾರೆ.

ಹಾಗಾಗಿ ಈ ಬೆಟ್ಟದ ವಿಷಯ ಮೈಸೂರು ನಗರಕ್ಕೆ ಮುಗಿಯುವುದಿಲ್ಲ. ಮಾನಂದವಾಡಿ ರಸ್ತೆಯ ಹಂಪಾಪುರದಿಂದಲೂ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರಗಳ ಹಳ್ಳಿಗಳಿಂದಲೂ ಆಷಾಢದಲ್ಲಿ ಜನ ಬೆಟ್ಟಕ್ಕೆ ಬರುತ್ತಾರೆ. ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತಿ ಹರಕೆ ತೀರಿಸುವುದು ಈ ಸೀಮೆಗೆ ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನನ್ನು ನೋಡಬೇಕೆಂದರೆ ಸಾವಿರಾರು ಮೆಟ್ಟಿಲು ಹತ್ತಬೇಕು. ಅಲ್ಲಿಗೆ ಹೋಗುವವರು ಇಂದಿಗೂ ಹತ್ತುತ್ತಾರೆ. ದಣಿವೂ ಸೇವೆಯೇ ಎಂಬ ನಂಬಿಕೆ ಈ ಜನರಲ್ಲಿದೆ. ರೋಪ್‌ವೇ ಚರ್ಚೆಯಲ್ಲಿ ಈ ನಂಬಿಕೆಗೆ ಪತ್ರಿಕೆಗಳಲ್ಲಿ ಅಷ್ಟಾಗಿ ಜಾಗ ಸಿಗಲಿಲ್ಲ. ಆದರೂ ವಿರೋಧದ ಬೇರು ಇಲ್ಲಿಯೇ ಇತ್ತು.

ಅರಸರ ಕಾಲದಲ್ಲಿ ಬೆಟ್ಟದ ಮೇಲೆ ಕಟ್ಟಡಗಳು ಏಳಲಿಲ್ಲ ಎಂದೇನಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಏಳು ಅಂತಸ್ತಿನ ಗೋಪುರ ಕಟ್ಟಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಟ್ಟದ ಅಂಚಿನಲ್ಲಿ ರಾಜೇಂದ್ರ ವಿಲಾಸ ಅರಮನೆ ಎದ್ದಿತು. ಮೋಟಾರು ರಸ್ತೆ ಬಂತು, ರಸ್ತೆಯುದ್ದಕ್ಕೂ ವಿದ್ಯುತ್ ದೀಪ ಬಂದವು. ಬೆಟ್ಟದ ತುದಿಯಲ್ಲಿ ಊರು ಬೆಳೆಯಿತು, ಅದಕ್ಕೆ ಗ್ರಾಮ ಪಂಚಾಯಿತಿಯೂ ಆಯಿತು. ಇತ್ತೀಚಿನ ವರ್ಷಗಳಲ್ಲಿ ಬಹುಮಹಡಿ ವಾಹನ ನಿಲುಗಡೆ ಕಟ್ಟಡವೂ ಅಂಗಡಿ ಸಾಲುಗಳೂ ಬಂದವು. ಒಂದೊಂದು ಸೇರ್ಪಡೆಗೂ ಅದರದೇ ಕಾರಣವಿತ್ತು, ಒಂದೊಂದನ್ನೂ ಭಕ್ತರ ಅನುಕೂಲಕ್ಕೆ ಎಂದೇ ಮಾಡಲಾಯಿತು. ಒಟ್ಟು ಭಾರ ಎಷ್ಟಾಯಿತು ಎಂಬ ಲೆಕ್ಕವನ್ನು ಮಾತ್ರ ಯಾರೂ ಜನರ ಮುಂದಿಡಲಿಲ್ಲ. ಪಾರ್ಕಿಂಗ್ ಕಟ್ಟಡ ಬಂದ ಮೇಲೆ ಮೇಲಕ್ಕೆ ಬರುವ ಕಾರುಗಳು ಕಡಿಮೆಯಾಗಲಿಲ್ಲ. ನಿಲ್ಲಿಸಲು ಜಾಗವಿದೆ ಎಂದು ಗೊತ್ತಾದ ಮೇಲೆ ಕಡಿಮೆಯಾಗುವುದಾದರೂ ಹೇಗೆ?

ಕರ್ನಾಟಕದಲ್ಲಿ ರೋಪ್‌ವೇ ಕನಸಿನ ಜತೆ ಜನ ನೆನೆಸಿಕೊಳ್ಳುವ ಮೊದಲ ಹೆಸರು ಶಂಕರ್ ನಾಗ್ ಅವರದು. ರಾಮಕೃಷ್ಣ ಹೆಗಡೆಯವರ ಸರ್ಕಾರವಿದ್ದ ಕಾಲದಲ್ಲಿ ಅವರು ನಂದಿ ಬೆಟ್ಟಕ್ಕೆ ರೋಪ್‌ವೇ ತರಬೇಕೆಂದು ಓಡಾಡಿದ್ದರು. ಬೆಂಗಳೂರಿಗೆ ಮೆಟ್ರೊ ಬೇಕು ಎಂದದ್ದೂ ಅವರೇ. 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಎರಡೂ ಕನಸಾಗಿಯೇ ಉಳಿದಿದ್ದವು. ಮುಂದೆ ಮೆಟ್ರೊ ಬಂತು. ಬೆಟ್ಟಗಳಿಗೆ ಹಗ್ಗ ಕಟ್ಟುವ ಮಾತು ಮಾತ್ರ ನಂದಿಯಲ್ಲೂ ಚಾಮುಂಡಿಯಲ್ಲೂ ಆಗಾಗ ಎದ್ದು ತಣ್ಣಗಾಗುತ್ತಿತ್ತು. ಶಂಕರ್ ನಾಗ್ ಅವರ ಕನಸನ್ನು ಇಂದಿನ ಕಣ್ಣಿನಿಂದ ತಪ್ಪೆನ್ನುವುದು ಸರಿಯಲ್ಲ. ಆಗ ನಂದಿ ಬೆಟ್ಟಕ್ಕೆ ವಾರದ ಕೊನೆಯಲ್ಲಿ ಕಾರುಗಳ ಸಾಲು ಈಗಿನಂತೆ ಇರಲಿಲ್ಲ. ಊರಿನವರಿಗೆ ಒಂದು ಹೊಸ ಸಂತೋಷ ಸಿಗಲಿ ಎಂಬ ಆಸೆಯಷ್ಟೇ ಅದರ ಹಿಂದೆ ಇತ್ತು.

ತಣ್ಣಗಾಗಿದ್ದ ಮಾತಿಗೆ ಮತ್ತೆ ಬಿಸಿ ಏರಿದ್ದು ದೆಹಲಿಯಿಂದ. 2021ರಲ್ಲಿ ರೋಪ್‌ವೇ ವಿಷಯವನ್ನು ಕೇಂದ್ರ ಸರ್ಕಾರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವ್ಯಾಪ್ತಿಗೆ ಸೇರಿಸಿತು. 2022ರ ಫೆಬ್ರುವರಿ 1ರ ಬಜೆಟ್ಟಿನಲ್ಲಿ ಪರ್ವತಮಾಲಾ ಎಂಬ ರಾಷ್ಟ್ರೀಯ ರೋಪ್‌ವೇ ಕಾರ್ಯಕ್ರಮವನ್ನು ಘೋಷಿಸಿತು. 2022-23ರ ಆರ್ಥಿಕ ವರ್ಷದಲ್ಲೇ 60 ಕಿಲೋಮೀಟರ್ ಉದ್ದದ ಎಂಟು ಯೋಜನೆಗಳಿಗೆ ಗುತ್ತಿಗೆ ಕೊಡುವುದಾಗಿ ಹೇಳಿತು. ಹಿಮಾಲಯದ ಕಡಿದಾದ ಊರುಗಳಿಗೆ ರಸ್ತೆ ಕಡಿಯುವುದಕ್ಕಿಂತ ಹಗ್ಗದ ದಾರಿ ವಾಸಿ ಎಂಬ ವಾದದಲ್ಲಿ ಹುರುಳಿತ್ತು. ಆದರೆ ಯೋಜನೆಗೆ ದುಡ್ಡೂ ಹೆಸರೂ ಬಂದ ಕೂಡಲೇ ಎಲ್ಲ ರಾಜ್ಯಗಳೂ ತಮ್ಮ ತಮ್ಮ ಬೆಟ್ಟಗಳ ಪಟ್ಟಿ ಹಿಡಿದು ನಿಂತವು. ಕರ್ನಾಟಕದಲ್ಲಿ ನಂದಿ ಬೆಟ್ಟ, ಅಂಜನಾದ್ರಿ, ಕೊಡಚಾದ್ರಿಗಳ ಹೆಸರು ಕೇಳಿಬಂತು. ಬಸವರಾಜ ಬೊಮ್ಮಾಯಿಯವರ ಸರ್ಕಾರ ಬಜೆಟ್ ಮಂಡಿಸಿದ 2022ರ ಮಾರ್ಚ್ ಹೊತ್ತಿಗೆ ಚಾಮುಂಡಿ ಬೆಟ್ಟದ ರೋಪ್‌ವೇಯೂ ಮುನ್ನೆಲೆಗೆ ಬಂತು.

ಕಾಲ ಮಾತ್ರ ಯೋಜನೆಗೆ ಒದಗಿ ಬರಲಿಲ್ಲ. ಅದಕ್ಕೆ ಐದೇ ತಿಂಗಳ ಮುಂಚೆ, 2021ರ ಅಕ್ಟೋಬರ್ ಮಳೆಗೆ, ಬೆಟ್ಟದ ಮೇಲಿಂದ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯ ಒಂದು ಭಾಗ ಕುಸಿದು ಕೆಳಕ್ಕೆ ಜಾರಿತ್ತು. ನವೆಂಬರಿನಲ್ಲಿ ಅದೇ ರಸ್ತೆಯಲ್ಲಿ ಮತ್ತೆ ಮತ್ತೆ ಕುಸಿತವಾಯಿತು. ರಸ್ತೆ ಮುಚ್ಚಿದರು. ತಜ್ಞರು ಬಂದು ನೋಡಿದರು. ಬೆಟ್ಟ ಎಂದರೆ ಅಲುಗದ್ದು ಎಂದುಕೊಂಡಿದ್ದ ಮೈಸೂರಿನ ಜನ ಡಾಂಬರು ರಸ್ತೆ ಬಾಯಿಬಿಟ್ಟ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ಗಾಬರಿಯಾದರು. ಇಡೀ ಕಥೆಯ ಮೊದಲ ತಿರುವು ಇದು. ರೋಪ್‌ವೇ ವಿರೋಧಿಸಿದವರು ಮುಂದೆ ಹೇಳಿದ ಮಾತುಗಳಿಗೆಲ್ಲ ಆ ಕುಸಿತ ಮೊದಲೇ ಪುರಾವೆ ಒದಗಿಸಿತ್ತು. ರಸ್ತೆಗಾಗಿ ಇಳಿಜಾರನ್ನು ಕಡಿದು, ಮಳೆನೀರು ಹರಿಯುವ ದಾರಿಯನ್ನು ತಪ್ಪಿಸಿದರೆ ಬಂಡೆಯ ಮೇಲಿನ ತೆಳುಮಣ್ಣು ಏನಾಗುತ್ತದೆ ಎಂದು ತಿಳಿಸಲು ಬೇರೆ ವರದಿ ಬೇಕಾಗಲಿಲ್ಲ.

ಯೋಜನೆಯ ಪರವಾಗಿ ನಿಂತವರ ಮಾತನ್ನೂ ನ್ಯಾಯವಾಗಿ ಹೇಳಬೇಕು. ಮೈಸೂರಿನ ಬದುಕು ಬಹುಪಾಲು ಪ್ರವಾಸಿಗರನ್ನು ನೆಚ್ಚಿಕೊಂಡಿದೆ. ಅರಮನೆ, ಮೃಗಾಲಯ, ಬೃಂದಾವನ ನೋಡಿ ಸಂಜೆಗೆ ಊಟಿಯ ಬಸ್ಸು ಹಿಡಿಯುವ ಪ್ರವಾಸಿಗ ಇನ್ನೊಂದು ದಿನ ಉಳಿಯುವಂತಾದರೆ ಹೋಟೆಲಿನವರಿಗೆ, ಟ್ಯಾಕ್ಸಿಯವರಿಗೆ, ಹೂವು ಕಾಯಿ ಮಾರುವವರಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಕೊರೊನಾ ಎರಡು ವರ್ಷ ಊರಿನ ವ್ಯಾಪಾರವನ್ನು ನುಂಗಿದ ಮೇಲೆ ಆ ಆಸೆ ಇನ್ನಷ್ಟು ಬಲವಾಗಿತ್ತು. ವಯಸ್ಸಾದವರು, ಕಾಲಿಲ್ಲದವರು ಕೂಡ ದೇವಿಯ ದರ್ಶನ ಮಾಡಬೇಡವೇ ಎಂಬ ಪ್ರಶ್ನೆಯೂ ಇತ್ತು. ರೋಪ್‌ವೇಗೆ ಹೊಗೆಯಿಲ್ಲ, ಕಾರುಗಳು ಕಡಿಮೆಯಾಗುತ್ತವೆ, ಆದ್ದರಿಂದ ಪರಿಸರಕ್ಕೂ ಒಳ್ಳೆಯದೇ ಎಂಬ ವಾದವನ್ನೂ ಮುಂದಿಟ್ಟರು.

ಇವುಗಳಲ್ಲಿ ಕೊನೆಯದೇ ಗಟ್ಟಿ ವಾದ. ಸೋತದ್ದೂ ಅದೇ. ತಮಿಳುನಾಡಿನ ಪಳನಿಯನ್ನು ನೋಡಿ. ಅಲ್ಲಿ 1966ರಿಂದ ಹಳಿಯ ಮೇಲೆ ಎಳೆಯುವ ವಿಂಚ್ ಇದೆ, 2004ರಿಂದ ರೋಪ್ ಕಾರ್ ಇದೆ. ಆದರೆ ಪಳನಿಯ ಬೆಟ್ಟಕ್ಕೆ ಭಕ್ತರ ಕಾರುಗಳು ಏರುವ ರಸ್ತೆಯಿಲ್ಲ. ಮೆಟ್ಟಿಲು ಹತ್ತಲಾರದವರಿಗೆ ಹಗ್ಗವೇ ಗತಿ. 1305 ಮೆಟ್ಟಿಲಿನ ಶೋಲಿಂಗೂರಿನಲ್ಲಿ 2024ರಲ್ಲಿ ರೋಪ್ ಕಾರ್ ಬಂದದ್ದೂ ಇದೇ ಕಾರಣಕ್ಕೆ. ಚಾಮುಂಡಿ ಬೆಟ್ಟದಲ್ಲಿ ಹಾಗಿಲ್ಲ. ಇಲ್ಲಿ ಮೆಟ್ಟಿಲಿದೆ, ರಸ್ತೆಯಿದೆ, ಸರ್ಕಾರಿ ಬಸ್ಸಿದೆ. ಗುಡಿಯ ಹತ್ತಿರದವರೆಗೆ ಗಾಲಿಯ ಮೇಲೆ ಹೋಗಬಹುದು. ರೋಪ್‌ವೇ ಬಂದರೆ ರಸ್ತೆಯನ್ನು ಖಾಸಗಿ ವಾಹನಗಳಿಗೆ ಮುಚ್ಚುತ್ತೇವೆ ಎಂದು ಸರ್ಕಾರ ಹೇಳಿದ್ದರೆ ಚರ್ಚೆಯ ದಿಕ್ಕೇ ಬೇರೆಯಾಗುತ್ತಿತ್ತು. ಆಗ ವಿರೋಧಿಸಿದವರಲ್ಲಿ ಕೆಲವರಾದರೂ ಕೂತು ಯೋಚಿಸುತ್ತಿದ್ದರು. ಅಂಥ ಮಾತು ಬರಲಿಲ್ಲ. ರಸ್ತೆಯೂ ಇರಲಿ, ಪಾರ್ಕಿಂಗೂ ಇರಲಿ, ಮೇಲೊಂದು ಹಗ್ಗವೂ ಇರಲಿ ಎಂದಾಗ ಕಾರು ಕಡಿಮೆಯಾಗುವ ಮಾತನ್ನು ಜನ ನಂಬಲಿಲ್ಲ.

ಲೆಕ್ಕವೂ ಕೂಡಿಬರುತ್ತಿರಲಿಲ್ಲ. ಗಂಟೆಗೆ 800 ಜನರನ್ನು ಒಯ್ಯುವ ರೋಪ್‌ವೇ ಎಂದಿಟ್ಟುಕೊಳ್ಳೋಣ. ಎಡೆಬಿಡದೆ ಹತ್ತು ಗಂಟೆ ಓಡಿದರೂ ದಿನಕ್ಕೆ ಎಂಟು ಸಾವಿರ ಜನ. ಆಷಾಢ ಶುಕ್ರವಾರ ಬೆಟ್ಟಕ್ಕೆ ಬರುವವರು ಹತ್ತಾರು ಸಾವಿರ. ಐವತ್ತು ಜನ ಕೂರುವ ಬಸ್ಸನ್ನು ಎರಡು ನಿಮಿಷಕ್ಕೊಂದರಂತೆ ಬಿಟ್ಟರೆ ಗಂಟೆಗೆ 1500 ಜನ ಮೇಲೆ ಮುಟ್ಟುತ್ತಾರೆ. ಅದಕ್ಕೆ ಹೊಸ ಕಂಬ ನೆಡಬೇಕಾಗಿಲ್ಲ, ಮರ ಕಡಿಯಬೇಕಾಗಿಲ್ಲ. ಆಷಾಢ ಶುಕ್ರವಾರಗಳಲ್ಲಿ ಜಿಲ್ಲಾಡಳಿತ ಮಾಡುತ್ತ ಬಂದಿರುವುದೂ ಇದನ್ನೇ. ಖಾಸಗಿ ವಾಹನಗಳನ್ನು ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ತಡೆದು, ಅಲ್ಲಿಂದ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಭಕ್ತರನ್ನು ಕಳಿಸಿಕೊಡುತ್ತದೆ.

ಮೈಸೂರು ಗ್ರಾಹಕರ ಪರಿಷತ್ತು ಈ ಬಗೆಯ ಪ್ರಶ್ನೆಗಳನ್ನು ಮೊದಲಿನಿಂದ ಕೇಳುತ್ತ ಬಂದ ಸಂಸ್ಥೆ. ಪರಿಸರದ ಕೆಲಸ ಮಾಡುವವರು, ನಿವೃತ್ತ ಎಂಜಿನಿಯರುಗಳು, ಚರಿತ್ರೆಯ ಅಧ್ಯಾಪಕರು, ದಿನವೂ ಮೆಟ್ಟಿಲು ಹತ್ತುವವರು ಅದರ ಜತೆ ಸೇರಿದರು. ಚಾಮುಂಡಿ ಬೆಟ್ಟ ಉಳಿಸಿ ಎಂಬ ಕೂಗು ಸಹಿ ಸಂಗ್ರಹವಾಯಿತು, ಪಾದದ ಬಳಿ ಸಭೆಯಾಯಿತು, ಪತ್ರಿಕೆಗಳಿಗೆ ಓಲೆಗಳ ಸಾಲಾಯಿತು. ಮೈಸೂರಿನಲ್ಲೇ ನೆಲೆಸಿದ್ದ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಬೆಟ್ಟದ ಕಾಂಕ್ರೀಟೀಕರಣದ ವಿರುದ್ಧ ಪ್ರಧಾನಿಗೇ ಪತ್ರ ಬರೆದರು. ಕೇಂದ್ರದಲ್ಲೂ ರಾಜ್ಯದಲ್ಲೂ ಒಂದೇ ಪಕ್ಷದ ಸರ್ಕಾರವಿದ್ದ ಆ ದಿನಗಳಲ್ಲಿ, ಆ ಪಕ್ಷಕ್ಕೆ ಗೌರವವಿದ್ದ ಹಿರಿಯ ಲೇಖಕರೇ ಹೀಗೆ ಹೇಳಿದ್ದು ಬೆಟ್ಟದ ವಿಷಯವನ್ನು ಪಕ್ಷಗಳ ಜಗಳದಿಂದ ಮೇಲಕ್ಕೆತ್ತಿತು. ದೇವಿಯಲ್ಲಿ ಭಕ್ತಿಯುಳ್ಳವರೂ, ದೇವರ ಗೋಜಿಗೆ ಹೋಗದೆ ಕಾಡು ಚಿರತೆಗಳ ಬಗ್ಗೆಯೇ ಚಿಂತಿಸುವವರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ಈ ಹೋರಾಟದ ಬಲ ಇದ್ದದ್ದೇ ಇಲ್ಲಿ. ಪರಿಸರವಾದಿಗಳು ಮಾತ್ರ ಎದ್ದಿದ್ದರೆ ಅಭಿವೃದ್ಧಿಯ ವಿರೋಧಿಗಳು ಎಂದು ಹೇಳಿ ತಳ್ಳಿಹಾಕಬಹುದಿತ್ತು.

ಏಪ್ರಿಲಿನಲ್ಲಿ ದೂರದ ಜಾರ್ಖಂಡಿನಿಂದ ಬಂದ ಸುದ್ದಿ ಎಲ್ಲರನ್ನೂ ತಲ್ಲಣಗೊಳಿಸಿತು. 2022ರ ಏಪ್ರಿಲ್ 10, ರಾಮನವಮಿಯ ದಿನ. ದೇವಘರ್ ಹತ್ತಿರದ ತ್ರಿಕೂಟ ಬೆಟ್ಟದ ರೋಪ್‌ವೇಯಲ್ಲಿ ಅವಘಡವಾಗಿ ಹತ್ತಾರು ಜನ ನಡು ಆಕಾಶದಲ್ಲಿ ಡಬ್ಬಿಗಳೊಳಗೆ ಸಿಕ್ಕಿಕೊಂಡರು. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ರಕ್ಷಣೆ ಮುಗಿಯುವಾಗ ಏಪ್ರಿಲ್ 12 ಆಗಿತ್ತು. ಮೂವರು ಸತ್ತರು, ಮೇಲಕ್ಕೆತ್ತುವಾಗ ಕೈಜಾರಿ ಬಿದ್ದವರ ದೃಶ್ಯವನ್ನು ದೇಶವೇ ಟೀವಿಯಲ್ಲಿ ನೋಡಿತು. ಯಂತ್ರವೆಂದ ಮೇಲೆ ಅಪಘಾತ ಎಲ್ಲಾದರೂ ಆದೀತು, ಬೆಟ್ಟದ ರಸ್ತೆಗಳಲ್ಲಿ ಸಾಯುವವರು ಇನ್ನೂ ಹೆಚ್ಚು ಎಂದು ತಾಂತ್ರಿಕರು ಹೇಳಿದರೆ ಅದು ಸುಳ್ಳಲ್ಲ. ಆದರೆ ನಿರ್ವಹಣೆಯನ್ನು ಯಾರು ನೋಡಿಕೊಳ್ಳುತ್ತಾರೆ, ಅವಘಡವಾದರೆ ಯಾರು ಹೊಣೆ ಎಂಬ ಪ್ರಶ್ನೆಗೆ ಮೈಸೂರಿನಲ್ಲಿ ಉತ್ತರ ಕೊಡಬೇಕಾದವರು ಆ ತಿಂಗಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಹೊರದೇಶದಲ್ಲಿ ಇದೇ ಬಗೆಯ ಜಗಳ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಕೆನಡಾದ ಸ್ಕ್ವಾಮಿಷ್ ಸಾಕ್ಷಿ. ಅಲ್ಲಿನ ಸ್ಟಾವಾಮಸ್ ಚೀಫ್ ಎಂಬ ಭಾರಿ ಗ್ರಾನೈಟ್ ಬೆಟ್ಟ ಬಂಡೆ ಹತ್ತುವವರಿಗೆ ಯಾತ್ರಾಸ್ಥಳವಿದ್ದಂತೆ. ಅದರ ಪಕ್ಕದಲ್ಲೇ 2014ರಲ್ಲಿ ಗೊಂಡೊಲಾ ಎಂಬ ಪ್ರವಾಸಿ ರೋಪ್‌ವೇ ಶುರುವಾಯಿತು. ಬೆಟ್ಟ ಹತ್ತುವವರಲ್ಲೇ ಪರ ವಿರೋಧ ಎರಡೂ ಇತ್ತು. ಉದ್ಯೋಗ ಬಂತು, ಪ್ರವಾಸಿಗರು ಬಂದರು. 2019ರ ಆಗಸ್ಟಿನಲ್ಲಿ ಒಂದು ರಾತ್ರಿ ಯಾರೋ ಅದರ ಮುಖ್ಯ ಹಗ್ಗವನ್ನೇ ಕತ್ತರಿಸಿದರು. ರಿಪೇರಿ ಮಾಡಿ ಮತ್ತೆ ತೆರೆದರು. 2020ರ ಸೆಪ್ಟೆಂಬರಿನಲ್ಲಿ ಮತ್ತೆ ಕತ್ತರಿಸಿದರು. ಆ ಕೃತ್ಯದ ಕಾರಣ ಏನೇ ಇರಲಿ, ಮೈಸೂರಿನ ಜನ ಒಂದು ಕಲ್ಲನ್ನೂ ಎತ್ತದೆ, ಕಾಗದ ಮತ್ತು ಮಾತಿನಿಂದಲೇ ತಮ್ಮ ಬೆಟ್ಟದ ವಿಷಯವನ್ನು ಇತ್ಯರ್ಥ ಮಾಡಿಕೊಂಡದ್ದು ಹೆಮ್ಮೆಪಡುವ ಸಂಗತಿ.

2022ರ ಜುಲೈನಲ್ಲಿ ಅಂದಿನ ಜಿಲ್ಲಾ ಉಸ್ತುವಾರಿ ಸಚಿವ ಎಸ್.ಟಿ. ಸೋಮಶೇಖರ್ ಅವರು ರೋಪ್‌ವೇ ಯೋಜನೆಯನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಆಷಾಢದ ದಿನಗಳವು, ಬೆಟ್ಟದಲ್ಲಿ ಜನವೋ ಜನ. ಆದರೆ ಹೋರಾಡಿದವರು ನಿರಾಳರಾಗುವಂತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ರೋಪ್‌ವೇ ಹೋಯಿತು ನಿಜ. ಬೆಟ್ಟದ ಮೇಲೆ ಇನ್ನಷ್ಟು ಕಟ್ಟುವ ಯೋಚನೆ ಹೋಗಿರಲಿಲ್ಲ.

ಮುಂದಿನ ವರ್ಷಗಳು ಅದನ್ನು ತೋರಿಸಿದವು. ಯಾತ್ರಾಸ್ಥಳಗಳ ಅಭಿವೃದ್ಧಿಗಾಗಿ ಇರುವ ಕೇಂದ್ರದ ಪ್ರಸಾದ್ ಯೋಜನೆಯಡಿ ಚಾಮುಂಡೇಶ್ವರಿ ದೇವಸ್ಥಾನಕ್ಕೆ 45.71 ಕೋಟಿ ರೂಪಾಯಿ ಮಂಜೂರಾಯಿತು. ಆ ದುಡ್ಡಿನಲ್ಲಿ ಬೆಟ್ಟದ ಮೇಲೂ ನಂದಿಯ ಬಳಿಯೂ ಏನೇನು ಕಟ್ಟುತ್ತಾರೆ ಎಂಬುದರ ಸುತ್ತ ಹೊಸ ವಾದ ಎದ್ದಿತು. ರೋಪ್‌ವೇ ವಿರುದ್ಧ ನಿಂತಿದ್ದವರೇ ಮತ್ತೆ ಎದ್ದು ನಿಂತರು. 2024ರಲ್ಲಿ ರಾಜ್ಯ ಸರ್ಕಾರ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ತಂದಿತು. ರಾಜವಂಶಸ್ಥೆ ಪ್ರಮೋದಾದೇವಿ ಒಡೆಯರ್ ಅವರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಸಂಸ್ಥಾನ ಭಾರತಕ್ಕೆ ಸೇರಿದಾಗ ಆದ ಒಪ್ಪಂದದಂತೆ ದೇವಸ್ಥಾನ ಅರಮನೆಯ ಖಾಸಗಿ ಆಸ್ತಿಗೆ ಸೇರಿದ್ದು ಎಂಬುದು ಅವರ ವಾದ. ಕೋಟ್ಯಂತರ ಭಕ್ತರ ಕ್ಷೇತ್ರದ ಹೊಣೆ ಸರ್ಕಾರದ್ದು ಎಂಬುದು ಸರ್ಕಾರದ ನಿಲುವು. ಬೆಟ್ಟ ಯಾರದ್ದು ಎಂಬ ಪ್ರಶ್ನೆ ರೋಪ್‌ವೇ ಗಲಾಟೆಯಲ್ಲಿ ಅರ್ಧ ಕೇಳಿಸಿತ್ತು. ಈಗ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅರಮನೆ ಮತ್ತು ಸರ್ಕಾರದ ನಡುವೆ ಅರಣ್ಯ ಇಲಾಖೆಯ ಮೀಸಲು ಕಾಡಿಗೂ, ಬೆಟ್ಟದ ಮೇಲೇ ಹುಟ್ಟಿ ಬೆಳೆದ ಪಂಚಾಯಿತಿಯ ಜನರಿಗೂ ಮಾತಿದೆ ಎಂಬುದನ್ನು ಮರೆಯಬಾರದು.

ಉಳಿದ ಬೆಟ್ಟಗಳ ಕಥೆ ಬೇರೆ ಬೇರೆ ಹಾದಿ ಹಿಡಿಯಿತು. ನಂದಿ ಬೆಟ್ಟದಲ್ಲಿ 2.93 ಕಿಲೋಮೀಟರ್ ಉದ್ದದ ರೋಪ್‌ವೇಗೆ 2023ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. ಅರ್ಕಾವತಿ, ಚಿತ್ರಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ ನದಿಗಳ ಮೂಲವಾದ ಆ ಗಿರಿಸಾಲಿನ ಮೇಲೆ ಜನರ ಒತ್ತಡ ಇನ್ನೂ ಹೆಚ್ಚುತ್ತದೆ ಎಂದು ಅಲ್ಲಿನ ಪರಿಸರ ಚಿಂತಕರು ಎಚ್ಚರಿಸಿದರು. ಚಾಮುಂಡಿ ಬೆಟ್ಟದ ಸುತ್ತ ಕೂಡಿದಷ್ಟು ಜನ ಅಲ್ಲಿ ಕೂಡಲಿಲ್ಲ. ನಂದಿ ಬೆಟ್ಟದ ಕೆಳಗೆ ಅದನ್ನು ದಿನವೂ ಹತ್ತುವ ಒಂದು ನಗರವಿಲ್ಲ. ಬೆಂಗಳೂರಿಗೆ ಅದು ಭಾನುವಾರದ ಬೆಟ್ಟ. ಕೊಪ್ಪಳದ ಅಂಜನಾದ್ರಿಗೆ 2022ರ ರಾಜ್ಯ ಬಜೆಟ್ಟಿನಲ್ಲಿ 100 ಕೋಟಿ ರೂಪಾಯಿ ಘೋಷಣೆಯಾಯಿತು. ಹನುಮನ ಜನ್ಮಸ್ಥಳವೆಂದು ಜನ ನಂಬುವ, 575 ಮೆಟ್ಟಿಲಿನ ಆ ಬೆಟ್ಟದ ಸುತ್ತಲಿನ ಬಂಡೆಗಳನ್ನು ಹತ್ತಲು ಜಗತ್ತಿನ ಮೂಲೆಮೂಲೆಯಿಂದ ಶಿಲಾರೋಹಿಗಳು ಆನೆಗೊಂದಿಗೆ ಬರುತ್ತಾರೆ. ಅಲ್ಲಿ ಹಗ್ಗ ಎಳೆಯಬೇಕಾದರೆ ಹಂಪಿಯ ವಿಶ್ವಪರಂಪರೆಯ ನಿಯಮಗಳನ್ನೂ ನೋಡಬೇಕು. ಮೂಕಾಂಬಿಕಾ ವನ್ಯಜೀವಿ ಧಾಮದೊಳಗಿನ ಕೊಡಚಾದ್ರಿಯ ವಿಷಯ ಇನ್ನೂ ಸೂಕ್ಷ್ಮ. ಮಳೆಕಾಡು ಒಮ್ಮೆ ಕಡಿದರೆ ನಮ್ಮ ಕಾಲದಲ್ಲಿ ಮತ್ತೆ ಬೆಳೆಯುವುದಿಲ್ಲ.

ಜಮ್ಮುವಿನ ವೈಷ್ಣೋದೇವಿಯಲ್ಲಿ ಇದೇ ವಾದಕ್ಕೆ ಇನ್ನೊಂದು ಮುಖ ಕಂಡಿತು. 2024ರ ಕೊನೆಯಲ್ಲಿ ಅಲ್ಲಿನ ಕಟರಾ ಊರಿನ ಅಂಗಡಿಯವರು, ಕುದುರೆಯವರು, ಪಲ್ಲಕ್ಕಿ ಹೊರುವವರು ರೋಪ್‌ವೇ ವಿರುದ್ಧ ಬಂದ್ ಮಾಡಿದರು. ಅಲ್ಲಿನ ಪ್ರಶ್ನೆ ಅನ್ನದ್ದು. ಮೈಸೂರಿನಲ್ಲಿ ಮೆಟ್ಟಿಲ ಬದಿ ಹೂವು, ಮಜ್ಜಿಗೆ, ಸೌತೆಕಾಯಿ ಮಾರುವವರ ಮಾತನ್ನು ಯಾರೂ ಕೇಳಿ ದಾಖಲಿಸಿದಂತೆ ಕಾಣುವುದಿಲ್ಲ. ಈ ಹೋರಾಟದ ಚರಿತ್ರೆಯಲ್ಲಿ ಉಳಿದ ದೊಡ್ಡ ಕೊರತೆ ಅದು.

ಮೈಸೂರು ಗೆದ್ದಿತು ಎಂದು ಬರೆದು ಮುಗಿಸುವುದು ಸುಲಭ. ಗಿರ್ನಾರಿನ ಉದಾಹರಣೆ ಹಾಗೆ ಬರೆಯಗೊಡುವುದಿಲ್ಲ. ಗುಜರಾತಿನ ಆ ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ಎದ್ದದ್ದು 1983ರಲ್ಲಿ. ರಣಹದ್ದುಗಳ ಗೂಡಿಗೆ ತೊಂದರೆಯಾಗುತ್ತದೆ ಎಂಬ ಆಕ್ಷೇಪ, ಅರಣ್ಯದ ಅನುಮತಿ, ಸರ್ಕಾರಗಳ ಬದಲಾವಣೆ ಎಲ್ಲವನ್ನೂ ದಾಟಿ 2020ರ ಅಕ್ಟೋಬರ್ 24ರಂದು ಅದು ಉದ್ಘಾಟನೆಯಾಯಿತು. ನಡುವೆ ಕಳೆದದ್ದು 37 ವರ್ಷ. ಯೋಜನೆಗಳಿಗೆ ಮನುಷ್ಯರಿಗಿಂತ ದೀರ್ಘಾಯುಷ್ಯ. ಚಾಮುಂಡಿ ಬೆಟ್ಟದ ರೋಪ್‌ವೇ ನಿಂತದ್ದು ಒಬ್ಬ ಸಚಿವರ ಮಾತಿನಿಂದ. ಬೆಟ್ಟ ಎಷ್ಟು ಜನರನ್ನು, ಎಷ್ಟು ವಾಹನವನ್ನು, ಎಷ್ಟು ಕಟ್ಟಡವನ್ನು ತಡೆಯಬಲ್ಲದು ಎಂದು ಗೊತ್ತುಮಾಡಿ ಅದಕ್ಕೆ ಮಿತಿ ಹಾಕಿದ ಕಾಯ್ದೆಯಿಂದಲ್ಲ. ಸಚಿವರು ಬದಲಾದರು, ಸರ್ಕಾರವೂ ಬದಲಾಯಿತು. ರಾಜ್ಯದ ಬೆಟ್ಟಗಳಿಗೆ ರೋಪ್‌ವೇ ತರುವ ಮಾತನ್ನು ಹೊಸ ಸರ್ಕಾರವೂ ಬಿಟ್ಟಿಲ್ಲ.

ರೋಪ್‌ವೇ ಬೇಡ ಎಂದವರ ಕೈಯಲ್ಲೇ ಈಗ ಉಳಿದ ಕೆಲಸವಿದೆ. ಆಷಾಢ ಶುಕ್ರವಾರಕ್ಕೆ ಮಾಡುವ ಬಸ್ಸಿನ ವ್ಯವಸ್ಥೆಯನ್ನು ವಾರದ ಏಳೂ ದಿನ ಮಾಡಿ ಎಂದು ಜಿಲ್ಲಾಡಳಿತವನ್ನು ಕೇಳಬೇಕು. ಹತ್ತಲಾರದ ಹಿರಿಯರನ್ನೂ ಅಂಗವಿಕಲರನ್ನೂ ಗುಡಿಯ ಬಾಗಿಲವರೆಗೆ ಕರೆದೊಯ್ಯುವ ಸಣ್ಣ ಎಲೆಕ್ಟ್ರಿಕ್ ಬಸ್ಸುಗಳನ್ನು ಕೇಳಬೇಕು. ಹಂಪಾಪುರದಿಂದಾಗಲಿ ಹುಣಸೂರಿನಿಂದಾಗಲಿ ಈ ಸಲ ಬೆಟ್ಟಕ್ಕೆ ಹೊರಡುವವರು ಕಾರನ್ನು ಕೆಳಗೇ ನಿಲ್ಲಿಸಿ, ಕಾಲಿದ್ದವರು ಮೆಟ್ಟಿಲು ಹತ್ತಿ, ಆಗದವರು ಬಸ್ಸು ಹಿಡಿಯಿರಿ.